ಶುಕ್ರವಾರದ ಮೂರು ಹನಿ

ನಮ್ಮ ಮಗ ಕರಿಬಸವರಾಜ ಎಸ್ಸೆಸ್ಸೆಲ್ಸಿ ಪಾಸಾಗಿ ಎರಡು ವರ್ಷವಾಗಿತ್ತು. ಆ ಎರಡು ವರ್ಷ ಅವನು ಮಾಡಿದ ಕೆಲಸವೆಂದರೆ ದಾವಣಗೆರೆಯ ಗಿರಣಿಯೊಂದರ ಗೇಟಿನಲ್ಲಿ ನಿಲ್ಲುವುದು. ಒಳಗೆ ಯಾರಾದರೂ ರಜೆ ಹಾಕಿದರೆ ಹೊರಗೆ ನಿಂತವರಲ್ಲಿ ಒಬ್ಬನನ್ನು ಕರೆಯುತ್ತಿದ್ದರು. ಮೂರನೆಯ ಪಾಳಿ ನಿಂತುಹೋದ ಮೇಲೆ ಒಳಗಿನವರು ಜ್ವರ ಬಂದರೂ ರಜೆ ಹಾಕುವುದನ್ನು ಬಿಟ್ಟರು.

ಅರವತ್ತೆರಡನೇ ಇಸವಿಯಲ್ಲಿ ಹರಿಹರದ ಕಡೆಗೆ ಸರ್ಕಾರದ ಮಲೇರಿಯಾದವರು ಆಳು ಬೇಕೆಂದು ಕರೆದರು. ಮನೆಮನೆಗೆ ಹೋಗಿ ಯಾರಿಗೆ ಜ್ವರ ಎಂದು ಕೇಳಬೇಕು. ಇದ್ದವರ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಹಿಡಿಯಬೇಕು, ಮಾತ್ರೆ ಕೊಟ್ಟು ಬರಬೇಕು. ಅದೇ ವಾರ ನನ್ನ ತಮ್ಮ ಪಾಲಯ್ಯ ಬಂದ. ಅವನು ಹರಿಹರದಲ್ಲಿ ಒಬ್ಬ ಡಾಕ್ಟರ ಹತ್ತಿರ ಕಾಂಪೌಂಡರ್.

“ಅಕ್ಕ, ಹುಡುಗನ್ನ ನನ್ನ ಹತ್ರ ಬಿಡು. ಪುಡಿ ಕಟ್ಟೋದು ಕಲೀತಾನೆ. ಇಪ್ಪತ್ತು ವರ್ಷಕ್ಕೆ ಜನ ಡಾಕ್ಟ್ರೇ ಅಂತಾರೆ.”

“ಪಗಾರ?” ಎಂದರು ನಮ್ಮ ಮನೆಯವರು.

“ಹಂಗೆ ಅಂದ್ಮೇಲೆ ಬರ್ತೈತೆ.”

“ಮಲೇರಿಯಾದೋರು ಮೊದಲ್ನೇ ತಿಂಗಳಿಂದ್ಲೇ ಕೊಡ್ತಾರಂತೆ.”

“ಕೊಡ್ತಾರೆ ಭಾವ. ಜ್ವರ ಹೋದ್ರೆ ಕೆಲ್ಸಾನೂ ಹೋಗ್ತೈತೆ.”

“ಕಾಲುವೆ ನೀರು ಬಂದಾಗಿಂದ ಮಲೆಬೆನ್ನೂರು ಕಡೆ ಸೊಳ್ಳೆ ನೋಡಿಯೇನು? ನಿನ್ನ ಅಳಿಯ ಮುದುಕ ಆಗೋಮಟ ಸಾಕು.”

ಕರಿಬಸವರಾಜ ಒಂದೇ ಮಾತು ಹೇಳಿದ. “ಗೇಟಿನಾಗೆ ನಿಂತಿದ್ದು ಸಾಕಾಗೈತೆ. ಬಾಗಿಲು ತಟ್ಟೋ ಕೆಲ್ಸ ಇದ್ರೆ ಮಾಡ್ತೀನಿ.”

ತೊಂದರೆ ಒಂದೇ. ಅವನಿಗೆ ರಕ್ತ ಕಂಡರೆ ಆಗುತ್ತಿರಲಿಲ್ಲ. ಏಳನೇ ಕ್ಲಾಸಿನಲ್ಲಿ ಪಕ್ಕದ ಹುಡುಗನ ಮೂಗಿನಿಂದ ರಕ್ತ ಬಂದಾಗ ಇವನು ಬಿದ್ದಿದ್ದ. ಮೂಗಿನ ಹುಡುಗನೇ ಇವನನ್ನು ಮನೆಗೆ ಕರೆತಂದಿದ್ದ.

ಕೆಲಸಕ್ಕೆ ಆರಿಸಲು ಮಲೇರಿಯಾದವರು ಇಟ್ಟ ಪರೀಕ್ಷೆಗೆ ಮೂರು ವಾರವಿತ್ತು. ಸೂಜಿಯೊಂದನ್ನು ಕುದಿಸಿಟ್ಟೆ. ಗಾಜು ಬೇಕಲ್ಲ, ಮಾವನವರ ಫೋಟೋದ ಗಾಜು ತೆಗೆದು ತುಂಡು ಮಾಡಿದೆವು. ಗಾಜು ತೆಗೆದ ಮೇಲೆ ಮಾವನವರು ಇನ್ನೂ ಚೆನ್ನಾಗಿ ಕಾಣುತ್ತಿದ್ದರು. ಯಾರೂ ವಿಚಾರಿಸಲಿಲ್ಲ. ದಿನಾ ಮುಸುರೆ ತೊಳೆದು ಕೈ ಒರೆಸಿಕೊಂಡು ಅವನ ಮುಂದೆ ಕೂರುತ್ತಿದ್ದೆ. ಮೊದಲ ದಿನ ಚುಚ್ಚಿದ, ಬಿದ್ದ. ಚುಚ್ಚಿಸಿಕೊಂಡ ಕೈಯಿಂದಲೇ ನೀರು ಚಿಮುಕಿಸಿದೆ.

“ರಕ್ತ ನೋಡಬ್ಯಾಡ ತಮ್ಮಾ, ನನ್ನ ಮುಖ ನೋಡು.”

“ನಿನ್ನ ಮುಖ ನೋಡಿದ್ರೆ ಇನ್ನೂ ಹೆದ್ರಿಕೆ ಆಗ್ತೈತವ್ವಾ.”

ಆಮೇಲೆ ಮುಖವನ್ನು ಸುಮ್ಮನಿಟ್ಟುಕೊಳ್ಳುವುದನ್ನು ಕಲಿತೆ. ಎರಡನೇ ವಾರಕ್ಕೆ ಅವನು ಬೀಳುವುದು ನಿಂತಿತು. ಖಾರ ಅರೆಯುವಾಗ ಮಾತ್ರ ಯಾವ ಬೆರಳು ಆಗಿದೆ, ಯಾವುದು ಉಳಿದಿದೆ ಎಂದು ನನಗೆ ತಿಳಿಯುತ್ತಿತ್ತು.

ಶುಕ್ರವಾರ ನಮ್ಮ ಮನೆಯಿಂದ ಉಪ್ಪು, ಮೊಸರು ಯಾವುದನ್ನೂ ಹೊರಗೆ ಕೊಡುವುದಿಲ್ಲ. ಲಕ್ಷ್ಮಿ ಹೋಗುತ್ತಾಳೆ. ಬೆರಳನ್ನೂ ಕೊಡಲಿಲ್ಲ. ಅವನ ಮುಖ ಸಣ್ಣದಾಯಿತು. ಕೊನೆಗೆ ನಾನೇ, “ಮೊದ್ಲು ನನ್ನ ಕೈಗೆ ಏನಾರ ಕೊಡು. ಇಸ್ಕೊಂಡು ಕೊಟ್ರೆ ಕೊಟ್ಟಂಗಲ್ಲ” ಎಂದೆ. ಒಂದು ಚೂರು ಬೆಲ್ಲ ಕೊಟ್ಟು ಚುಚ್ಚಿದ.

ಮಲೇರಿಯಾ ಸಾಹೇಬರು ಪರೀಕ್ಷೆ ಇಟ್ಟದ್ದೂ ಶುಕ್ರವಾರವೇ. ಅವರ ಮನೆಯಲ್ಲಿ ಹೆಂಗಸರು ಇರಲಿಲ್ಲವೋ ಏನೋ. ಮನೆಯವರು ಪಾಳಿಗೆ ಹೋಗಿದ್ದರಿಂದ ರೊಟ್ಟಿ ಗಂಟು ಹಿಡಿದು ನಾನೇ ಹರಿಹರಕ್ಕೆ ಜೊತೆಯಲ್ಲಿ ಹೋದೆ. ಐದು ಹುಡುಗರು ಬಂದಿದ್ದರು. ಮಧ್ಯಾಹ್ನದೊಳಗೆ ಒಬ್ಬೊಬ್ಬರು ಮೂವರ ರಕ್ತ ತರಬೇಕು. ಪರೀಕ್ಷೆಗೆ ಜ್ವರ ಇರಲೇಬೇಕೆಂದಿಲ್ಲ, ರಕ್ತವಿದ್ದರೆ ಸಾಕು ಎಂದು ಸಾಹೇಬರು ಹೇಳಿದರು.

ಹೊಳೆಯ ಕಡೆಯ ಓಣಿಯಲ್ಲಿ ಹುಡುಗರನ್ನು ಕಂಡು ಒಂದೊಂದೇ ಬಾಗಿಲು ಮುಚ್ಚಿಕೊಂಡಿತು. ಕರಿಬಸವರಾಜ ತಟ್ಟಿದ ಮೊದಲ ಮನೆ ಹೊನ್ನಕ್ಕ ಎಂಬ ಮುದುಕಿಯದು.

“ಶುಕ್ರವಾರ ಪಕ್ಕದ ಮನೆಯಾಕೆಗೆ ಮಜ್ಜಿಗೇನೇ ಕೊಟ್ಟಿಲ್ಲ. ನಿಂಗೆ ರಕ್ತ ಕೊಡ್ಲೇನೋ?”

ಅವನು ತಿರುಗಿ ಎದುರಿನ ಕಟ್ಟೆಯ ಮೇಲಿದ್ದ ನನ್ನನ್ನು ನೋಡಿದ. ನಾನು ಗಂಟು ಬಿಚ್ಚಿ, ರೊಟ್ಟಿಗೆಂದು ತಂದ ಬೆಲ್ಲವನ್ನು ಅವನ ಕೈಗೆ ಕೊಟ್ಟೆ.

“ಇದನ್ನ ಇಸ್ಕೊಳ್ರಿ ಅಜ್ಜಿ. ಇಸ್ಕೊಂಡು ಕೊಟ್ರೆ ಕೊಟ್ಟಂಗಲ್ಲ.”

ಹೊನ್ನಕ್ಕ ಒಂದು ಚೂರು ಬಾಯಿಗೆ ಹಾಕಿಕೊಂಡಳು. “ಬೆಲ್ಲ ಚಲೋ ಐತೆ” ಎಂದು ಕೈ ಚಾಚಿದಳು. ಆಮೇಲೆ ಸೊಸೆಯನ್ನು ಕರೆದಳು. ಗೋಡೆಯಾಚೆಯಿಂದ ನೆರೆಯಾಕೆ, “ನಮಗೂ ಐತೇನು?” ಎಂದು ತಾನಾಗಿಯೇ ಬಂದಳು.

ಮೂರನೆಯ ಹನಿ ಗಾಜಿಗೆ ಬಂತು. ಕೆಲಸ ಮುಗಿಯಿತೆಂದು ಅವನು ನಿಶ್ಚಿಂತೆಯಾಗಿ ಅದನ್ನು ನೋಡಿದ. ಜಗುಲಿಯ ಮೇಲೆ ಬಿದ್ದ. ಗಾಜು ಹಿಡಿದ ಕೈ ಮಾತ್ರ ಮೇಲಿತ್ತು. ನಾನು ಓಡಿಹೋಗಿ ಗಾಜನ್ನು ಇಸಿದುಕೊಂಡೆ.

ಹೊನ್ನಕ್ಕ ಒಳಗಿನಿಂದ ಮಜ್ಜಿಗೆ ತಂದು ಹೊಸ್ತಿಲಲ್ಲಿ ನಿಂತಳು. ಸ್ವಲ್ಪ ಯೋಚಿಸಿದಳು.

“ಒಳಗೆ ಎಳ್ಕೊಳ್ರೇ ಅವನ್ನ. ಹೊಸ್ತಿಲ ಒಳಗೆ ಕುಡಿದ್ರೆ ಹೊರಗೆ ಕೊಟ್ಟಂಗಲ್ಲ.”

ಸೊಸೆ, ನೆರೆಯಾಕೆ ತೋಳು ಹಿಡಿದರು, ನಾನು ಕಾಲು ಹಿಡಿದೆ. ಅಷ್ಟರಲ್ಲಿ ಸಾಹೇಬರು ಬಂದರು. ಬೇರೆ ನಾಲ್ವರ ಗಾಜುಗಳು ಅವರ ಕೈಯಲ್ಲಿ ಹೊಳೆಯುತ್ತಿದ್ದವು, ಅಷ್ಟು ಸ್ವಚ್ಛ. ಇವನ ಮೂರನ್ನೂ ಬೆಳಕಿಗೆ ಹಿಡಿದು ನೋಡಿದರು. ಮಜ್ಜಿಗೆ ಕುಡಿಯುತ್ತಿದ್ದ ಇವನನ್ನು ನೋಡಿದರು. ಗಾಜು ಕೊಟ್ಟ ನನ್ನ ಬೆರಳುಗಳನ್ನೂ ನೋಡಿದರು.

“ರಕ್ತ ತೆಗೆದ ಮೇಲೆ ಬೀಳಬಾರದು ಅಂತ ನಿಯಮದಲ್ಲಿ ಇಲ್ಲ” ಎಂದು ಹೆಸರು ಬರೆದುಕೊಂಡರು.

ತಿಂಗಳೊಳಗೆ ಆರ್ಡರ್ ಬಂತು. ‘ತಾತ್ಕಾಲಿಕ’ ಎಂಬುದನ್ನು ಪಾಲಯ್ಯ ಎರಡು ಸಲ ಓದಿದ. ಕರಿಬಸವರಾಜ ಮಲೆಬೆನ್ನೂರಿಗೆ ಹೊರಟ ದಿನ ಅವನ ಚೀಲದಲ್ಲಿ ಬೆಲ್ಲದ ಗಂಟೊಂದನ್ನು ಇಟ್ಟೆ. ಸಂಜೆ ದೀಪ ಹಚ್ಚುವಾಗ, ಆ ಸೀಮೆಯ ಜ್ವರ ಪೂರಾ ಹೋಗಲಪ್ಪಾ ಎಂದು ಬೇಡಿಕೊಂಡೆ. ಅವಸರವೇನಿಲ್ಲ ಎಂದೂ ಹೇಳಿದೆ.