ಅಕ್ಕ ಹಿಡಿದ ಟೇಪು

ಬ್ಯಾಂಕಿನ ಪರವಾಗಿ ಬೆಲೆ ಕಟ್ಟುವವರು ಬರುತ್ತಾರೆಂದು ಅಕ್ಕ ಬೆಳಿಗ್ಗೆಯೇ ನೆಲ ಒರೆಸಿ, ಹೊಲಿಗೆ ಮಿಷನ್ನಿನ ಸುತ್ತ ಬಿದ್ದಿದ್ದ ಬಟ್ಟೆ ಚೂರುಗಳನ್ನೆಲ್ಲ ಗುಡಿಸಿಟ್ಟಿದ್ದಳು. ಇಪ್ಪತ್ತೆರಡು ವರ್ಷ ಕಂಡವರ ಬಟ್ಟೆ ಹೊಲಿದು ಕಟ್ಟಿಸಿದ ಮನೆ ಅದು.

ನಾನು ಅವಳಿಗೆ ಹೇಳಿದ್ದು ಇಷ್ಟೇ: ನನ್ನ ಸಾಲಕ್ಕೆ ಒಂದು ಸಾಕ್ಷಿ ಸಹಿ ಬೇಕು, ಸಾಕ್ಷಿ ಹಾಕುವವರ ಮನೆಯನ್ನೊಮ್ಮೆ ನೋಡಿಹೋಗುತ್ತಾರೆ. ಆ ಮನೆಯನ್ನೇ ಅಡವಿಡುತ್ತಿದ್ದೇನೆ ಎಂದು ಹೇಳಿರಲಿಲ್ಲ. ಮೊದಲ ಫ್ಲ್ಯಾಟನ್ನು ಸಾಲದಲ್ಲಿ ಕೊಂಡಿದ್ದೆ, ಬೆಲೆ ಏರಿತು. ಏರಿದ ಬೆಲೆಯ ಮೇಲೆ ಮತ್ತೆ ಸಾಲ ಎತ್ತಿ ಎರಡನೆಯದನ್ನು ಕೊಂಡೆ. ನನ್ನಂಥ ಜಾಣ ಇನ್ನೊಬ್ಬನಿಲ್ಲ ಎಂದು ನಾನೇ ಡಂಗುರ ಸಾರಿಕೊಂಡೆ. ಮೂರನೆಯದಕ್ಕೆ ಕೈ ಹಾಕಿದಾಗ ಅಡವಿಡಲು ನನ್ನದೆಂಬುದು ಏನೂ ಉಳಿದಿರಲಿಲ್ಲ.

ಬಂದವರು ಟೇಪಿನ ತುದಿಯನ್ನು ನನ್ನತ್ತ ಚಾಚಿದರು. ಅಕ್ಕ ನಡುವೆ ಬಂದು ಕಸಿದುಕೊಂಡಳು.

"ಕೊಡಿ ಇಲ್ಲಿ. ಅಳತೆ ಅಂದ್ರೆ ನನ್ನ ಹೊಟ್ಟೆಪಾಡು."

ಮುಂದಿನ ಕೋಣೆ ಅಳೆದು ಅವರು ಹದಿನಾಲ್ಕಡಿ ಮೂರಿಂಚು ಎಂದು ಬರೆಯತೊಡಗಿದರು.

"ಟೇಪು ಜೋತು ಬಿದ್ದಿದೆ ಸರ್, ಬಿಗಿಯಾಗಿ ಎಳೀರಿ. ಹದಿನಾಲ್ಕೇ ಇರೋದು."

ಅವರು ನಕ್ಕು ತಿದ್ದಿಕೊಂಡರು. ಟೇಪು ಜೋತದ್ದು ನನಗೂ ಕಂಡಿತ್ತು. ಅಳತೆ ಹೆಚ್ಚಾದಷ್ಟೂ ಸಾಲ ಹೆಚ್ಚು ಸಿಗುತ್ತದೆಂದು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಮೂರಿಂಚಿಗೆ ನನ್ನ ನಿಯತ್ತು ಮಾರಾಟವಾಗಿತ್ತು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಆದರೂ ಅವರು ಹೋದ ಕೂಡಲೇ ಕಾಗದಗಳನ್ನು ಅವಳ ಮುಂದಿಟ್ಟೆ.

"ಇಲ್ಲೊಂದು ಸಹಿ ಹಾಕಕ್ಕ. ಬರೀ ಸಾಕ್ಷಿ."

ಅಕ್ಕ ಪೆನ್ನು ಮುಟ್ಟಲಿಲ್ಲ. ಮಿಷನ್ನಿನ ಡ್ರಾಯರ್ ಎಳೆದು, ಅವಳೆಲ್ಲಿ ಓದುತ್ತಾಳೆಂದು ಹೋದ ವಾರ ನಾನೇ ಕೊಟ್ಟಿದ್ದ ಆ ಕಾಗದಗಳ ಪ್ರತಿಯನ್ನು ತೆಗೆದಳು. 'ಅಡಮಾನ' ಎಂದಿದ್ದ ಕಡೆಯೆಲ್ಲ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಿಂದ ಗೆರೆ ಎಳೆದಿದ್ದಳು.

"ನಂಗೂ ಓದೋಕೆ ಬರುತ್ತೆ ಕಣೋ."

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು.

"ಗೊತ್ತಿದ್ದೂ ಟೇಪು ಹಿಡಿದ್ಯಾ?"

"ಈಗ ಹೇಳ್ತೀಯ, ಇನ್ನೊಂದು ಗಳಿಗೆಗೆ ಹೇಳ್ತೀಯ ಅಂತ ಕಾದೆ. 'ಅಕ್ಕ, ನಿನ್ನ ಮನೆ ಅಡ ಇಡ್ತೀನಿ' ಅಂತ ಬಾಯಿಬಿಟ್ಟು ಕೇಳಿದ್ದಿದ್ರೆ ಹಾಕ್ತಿದ್ದೆನೋ ಏನೋ. ಕೇಳು, ಈಗ್ಲಾದ್ರೂ ಕೇಳು."

ಕಾಗದಗಳನ್ನು ಎತ್ತಿಕೊಂಡು ಹೊರಟುಬಂದೆ.

ಮೂರನೆಯ ಫ್ಲ್ಯಾಟಿಗೆ ಕೊಟ್ಟಿದ್ದ ಮುಂಗಡ ಮುಳುಗಿತು. ಆ ಸಂಕಟ ಆರು ತಿಂಗಳಲ್ಲಿ ಮಾಸಿತು. ನನ್ನ ಷರಟುಗಳನ್ನು ಈಗಲೂ ಅಕ್ಕನೇ ಹೊಲಿಯುತ್ತಾಳೆ. ಅವಳು ಟೇಪು ಹಿಡಿದು ಹತ್ತಿರ ಬಂದರೆ ನಾನು ಗೋಡೆಯ ಕಡೆ ಮುಖ ತಿರುಗಿಸಿ ನಿಲ್ಲುತ್ತೇನೆ.