ತಿಕೋಟಾದ ಹುಡುಗಿಯ ವಿಚಾರಣೆ

ಒಂದು ಬಿಟ್ಟು ಒಂದರಂತೆ ಹೊಲಿಗೆ ಬಿಚ್ಚುತ್ತ ವಿದ್ಯಾವತಿ ಗಾಯದ ನಡುವಿಗೆ ಬಂದಿದ್ದಳು. ಚಿಮಟದಿಂದ ದಾರದ ಗಂಟನ್ನು ಎತ್ತಿ ಹಿಡಿದು ಕೆಳಗೆ ಕತ್ತರಿ ಹಾಕಬೇಕೆನ್ನುವಾಗ ವಾರ್ಡಿನ ಬಾಗಿಲಲ್ಲಿ ನೀಲಿ ಇಳಕಲ್ ಸೀರೆಯೊಂದು ಕಂಡಿತು. ಗಂಡನ ಅಕ್ಕ ವಿಜಯಲಕ್ಷ್ಮೀ. ಕೈಯಲ್ಲಿ ಊಟದ ಡಬ್ಬಿ ಇತ್ತು.

ಹಾಸಿಗೆಯ ಮೇಲಿದ್ದ ಹೆಂಗಸು ಉಸಿರು ಬಿಗಿಹಿಡಿದಿದ್ದಳು. ಆಕೆಗೆ ಉಸಿರು ಬಿಡಲು ಹೇಳಿ ವಿದ್ಯಾವತಿ ಗಂಟನ್ನು ಕತ್ತರಿಸಿದಳು, ಆದರೆ ಮನಸ್ಸು ಬಾಗಿಲಿಗೆ ಹೋಗಿತ್ತು. ಬಬಲೇಶ್ವರದಿಂದ ವಿಜಯಪುರಕ್ಕೆ ಬಂದರೆ ವಿಜಯಲಕ್ಷ್ಮೀ ಮೊದಲು ಸಿದ್ಧೇಶ್ವರ ಗುಡಿಗೆ ಹೋಗುತ್ತಾಳೆ, ಆಮೇಲೆ ಸೀರೆ ಅಂಗಡಿ, ಸಂಜೆಗೆ ತಮ್ಮನ ಮನೆ. ಗುಡಿಯ ಹಿಂದಿನ ಓಣಿಯ ಈ ಆಸ್ಪತ್ರೆಗೆ ಆಕೆ ಬಂದದ್ದು ಹಿಂದೆ ಎರಡೇ ಸಲ. ಎರಡು ಸಲವೂ ಮಗ ಸಿದ್ದರಾಮನಿಗೆ ಗೊತ್ತುಮಾಡಬೇಕೆಂದಿದ್ದ ಹುಡುಗಿಯರ ವಿಚಾರಣೆಗೆ.

ಸಂಬಂಧ ಬೆಳೆಸುವ ಮುಂಚೆ ಹೆಣ್ಣಿನ ಮನೆಯ ಬಗ್ಗೆ ನಾಲ್ಕು ಕಡೆ ವಿಚಾರಿಸುವುದು ಈ ಕಡೆ ಎಲ್ಲರೂ ಮಾಡುವುದೇ. ಹೊಲ ಎಷ್ಟು, ಬೀಗರು ಯಾರು, ತಾಯಿಯ ಬಾಯಿ ಹೇಗೆ ಎಂದು ಕೇಳುತ್ತಾರೆ. ಮನೆಯಲ್ಲೊಬ್ಬಳು ನರ್ಸ್ ಇದ್ದರೆ ದವಾಖಾನೆಯನ್ನೂ ಕೇಳಿಬಿಡಬಹುದು. ತಿಕೋಟಾ, ಬಬಲೇಶ್ವರದ ಹೆಣ್ಣುಮಕ್ಕಳು ಹೊಟ್ಟೆನೋವಿಗೆ, ಹೆರಿಗೆಗೆ ಬರುವುದು ಹೆಚ್ಚಾಗಿ ಇಲ್ಲಿಗೇ.

ಕೆಲಸ ಮುಗಿಸಿ ಕೈ ತೊಳೆದುಕೊಂಡು ಬಂದಾಗ ವಿಜಯಲಕ್ಷ್ಮೀ ಸಿಸ್ಟರುಗಳ ಕೋಣೆಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಲೆ, ಶೇಂಗಾ ಚಟ್ನಿ ಬಡಿಸಿ ಕೂತಿದ್ದಳು. ಬಿಸಿಲಿನ ಬಗ್ಗೆ, ಮೊಣಕಾಲಿನ ಬಗ್ಗೆ, ಸಿದ್ದರಾಮನ ಡ್ರಿಪ್ ಪೈಪಿನ ಅಂಗಡಿಯ ಬಗ್ಗೆ ಮಾತಾಡಿದಳು. ವಿದ್ಯಾವತಿ ಎರಡು ತುತ್ತು ತಿಂದಿದ್ದಳು.

"ತಿಕೋಟಾದಾಗ ಒಂದು ಹುಡುಗಿ ಐತಿ ಅಂತ ಹೇಳ್ಯಾರ," ಎಂದಳು ವಿಜಯಲಕ್ಷ್ಮೀ. "ಒಣದ್ರಾಕ್ಷಿ ಶೆಡ್ ಅದಾವಲ್ಲ, ಆ ಮನಿ. ಶಿವಲೀಲಾ ಅಂತ. ಸಾಲ್ಯಾಗ ಕಲಸ್ತಾಳ. ನಿಮ್ಮ ದವಾಖಾನಿಗೆ ಏನರ ಬಂದಿದ್ಲೇನು?"

ವಿದ್ಯಾವತಿಯ ಕೈ ರೊಟ್ಟಿಯ ಮೇಲೆ ನಿಂತಿತು.

ಬಂದಿದ್ದಳು. ಹೋದ ಮಳೆಗಾಲದಲ್ಲಿ, ಕಿಟಕಿಯ ಪಕ್ಕದ ಹಾಸಿಗೆ. ಅಂಡಾಶಯದಲ್ಲಿ ಗಡ್ಡೆಯಾಗಿ ಅದು ತಿರುಚಿಕೊಂಡು ಹುಡುಗಿ ನೋವಿನಲ್ಲಿ ಒದ್ದಾಡುತ್ತಿದ್ದಳು. ಒಂದು ಕಡೆಯ ಅಂಡಾಶಯ ತೆಗೆಯಬೇಕಾಯಿತು. ಇನ್ನೊಂದು ಚೆನ್ನಾಗಿದೆ, ತಿಂಗಳ ಮುಟ್ಟಿಗೂ ಮಕ್ಕಳಾಗುವುದಕ್ಕೂ ತೊಂದರೆಯಿಲ್ಲ ಎಂದು ಡಾಕ್ಟರು ತಾಯಿಗೆ ಚಿತ್ರ ಬರೆದು ತೋರಿಸಿದ್ದರು. ತಾಯಿ ಊರಲ್ಲಿ ಮಗಳು ಸೋದರತ್ತೆಯ ಮನೆಗೆ ಹೋಗಿದ್ದಾಳೆಂದು ಹೇಳಿ ಬಂದಿದ್ದಳು.

"ದಿನಾ ಎಷ್ಟೋ ಮಂದಿ ಬರ್ತಾರ ಅಕ್ಕಾರ. ಎಲ್ಲಾರ್ದೂ ಎಲ್ಲಿ ನೆನಪಿರ್ತೈತಿ," ಎಂದಳು.

"ಹಿಂದಿನ ಹುಡುಗ್ಯಾರಿಗೆ ಹಂಗ ಅನ್ಲಿಲ್ಲ ನೀ."

ಅಷ್ಟೇ ಅಂದದ್ದು. ತಲೆಯನ್ನು ಒಂದು ಮಗ್ಗುಲಿಗೆ ವಾಲಿಸಿ ವಿದ್ಯಾವತಿಯ ಮುಖವನ್ನು ಒಂದು ಕ್ಷಣ ನೋಡಿದಳು. ಆಮೇಲೆ ಡಬ್ಬಿಯ ಮುಚ್ಚಳಗಳನ್ನು ಒಂದೊಂದಾಗಿ ಒತ್ತಿ ಮುಚ್ಚಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದಳು.

ಮಧ್ಯಾಹ್ನದ ಔಷಧಿ ಕೊಡುತ್ತ ಹೋದಂತೆ ವಿದ್ಯಾವತಿಯ ತಲೆಯಲ್ಲಿ ಒಂದೇ ಪ್ರಶ್ನೆ ಇತ್ತು. ವಿಜಯಲಕ್ಷ್ಮಿಗೆ ಮೊದಲೇ ಗೊತ್ತಿರಬೇಕು. ಗೊತ್ತಿದ್ದೇ ಪರೀಕ್ಷೆ ಮಾಡಲು ಬಂದಿದ್ದಾಳೆ. ಹಾಗಾದರೆ ಹೇಳಿದವರು ಯಾರು? ಆ ಹಾಸಿಗೆಯನ್ನು ನೋಡಿಕೊಂಡವರು ಇಬ್ಬರೇ, ತಾನು ಮತ್ತು ಆಯಾ ಮಾಬುಬಿ. ಸಿಸ್ಟರುಗಳ ಕೋಣೆಗೆ ಹೋಗುವ ಮುಂಚೆ ವಿಜಯಲಕ್ಷ್ಮೀ ವರಾಂಡದಲ್ಲಿ ಮಾಬುಬಿಯ ಜೊತೆ ನಿಂತು ನಗುತ್ತ ಮಾತಾಡಿದ್ದು ಹೊಲಿಗೆ ಬಿಚ್ಚುವಾಗಲೇ ಕಿವಿಗೆ ಬಿದ್ದಿತ್ತು. ಮಾಬುಬಿಯ ತಂಗಿಯನ್ನು ಕೊಟ್ಟದ್ದೂ ತಿಕೋಟಾಕ್ಕೆ. ಒಂದಕ್ಕೊಂದು ಜೋಡಿಸಿದರೆ ಎಲ್ಲವೂ ಸರಿಯಾಗಿ ಕೂಡುತ್ತಿತ್ತು. ವರ್ಷಗಳಿಂದ ಜೊತೆಯಲ್ಲಿ ದುಡಿದ ಹೆಂಗಸಿನ ಬೆನ್ನನ್ನು ಆ ದಿನ ಆಕೆ ಹೊಸಬಳನ್ನು ನೋಡುವಂತೆ ನೋಡಿದಳು.

ಮರುದಿನ ಹಾಸಿಗೆಯ ಬಟ್ಟೆ ಬದಲಿಸುವಾಗ ಕೇಳಿಯೇಬಿಟ್ಟಳು. ನಮ್ಮ ಅಕ್ಕಾರ ಜೊತೆ ಏನು ಮಾತಾಡಿದಿ, ಯಾರ ವಿಷಯ ಬಂತು ಎಂದು. ಮಾಬುಬಿ ಚಾದರದ ತುದಿ ಹಿಡಿದುಕೊಂಡೇ ನಿಂತಳು.

"ಬರೂಮುಂದ ಅವ್ರು ಕೇಳಿದ್ದು ಪಲ್ಲೆ ಬಿಸಿ ಮಾಡಾಕ ಒಲಿ ಐತೇನು ಅಂತ. ಹೋಗೂಮುಂದ ಒಂದ ಮಾತು ಅಂದ್ರು. ನಮ್ಮ ವಿದ್ಯಾ ಇವತ್ತು ಉಣ್ಣಲಿಲ್ಲ, ಏನೋ ಐತಿ, ಅಂತ. ಅಷ್ಟರಿ." ಚಾದರದ ತುದಿಯನ್ನು ಹಾಸಿಗೆಯಡಿ ಸಿಕ್ಕಿಸುತ್ತ ಸೇರಿಸಿದಳು. "ನನ್ನ ಮ್ಯಾಲೆ ಸಂಶೇ ಬಂತೇನ್ರಿ ಸಿಸ್ಟರ್?"

ವಿದ್ಯಾವತಿ ಇಲ್ಲ ಎಂದಳು. ಮಾಬುಬಿ ನಂಬಲಿಲ್ಲ. ಆ ವಾರವೆಲ್ಲ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಳು.

ಅಂದರೆ ಯಾರೂ ಏನೂ ಹೇಳಿರಲಿಲ್ಲ. ಮೊದಲಿನ ಹುಡುಗಿಯ ಬಗ್ಗೆ ಕೇಳಿದಾಗ ವಿದ್ಯಾವತಿ ಒಡನೆಯೇ, ನಮ್ಮ ಕಡೆ ಬಂದೇ ಇಲ್ಲ ಅಕ್ಕಾರ, ಅಂದಿದ್ದಳು. ಎರಡನೆಯವಳ ಬಗ್ಗೆ, ಕೆಮ್ಮಿಗೆ ಬಂದಿದ್ದಳು, ಗಟ್ಟಿಮುಟ್ಟಾಗಿದ್ದಾಳೆ, ಎಂದು ನಕ್ಕಿದ್ದಳು. ಒಳ್ಳೆಯದನ್ನೇ ಹೇಳಿದೆ, ಯಾರಿಗೇನು ನಷ್ಟ ಅಂದುಕೊಂಡಿದ್ದಳು. ಗಂಡನ ಮನೆಯವರು ಸಾಲಾಗಿ ಕೂತು ತನ್ನ ಮಾತಿಗೆ ಕಾಯುವುದು ಹಿತವಾಗಿಯೂ ಇತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಡ್ಯೂಟಿಗೆ ಹೋಗುವ ಸೊಸೆಯೆಂದು ಹಂಗಿಸಿದವರೇ ಈಗ ಆಕೆಯನ್ನು ಕೇಳದೆ ಸಂಬಂಧ ಮಾಡುತ್ತಿರಲಿಲ್ಲ. ಎರಡು ಸಲ ಬಾಯಿ ತೆರೆದವಳು ಮೂರನೆಯ ಸಲ ಸುಮ್ಮನಾದರೆ ಕೇಳುವವರು ಅದಕ್ಕೆ ಏನು ಅರ್ಥ ಮಾಡಿಕೊಳ್ಳಬೇಕು?

ಗಂಡ ಸಂಗನಬಸವ ಒಣದ್ರಾಕ್ಷಿಯ ದಲ್ಲಾಳಿ. ನಾಲ್ಕು ದಿನಕ್ಕೆ ಮಾತು ಸುತ್ತಿ ಅವನ ಅಂಗಡಿಗೂ ಬಂತು. ತಿಕೋಟಾದ ಆ ಹುಡುಗಿಯ ಹೆಸರು ಹೇಳಿದರೆ ನಿಮ್ಮ ನರ್ಸ್‌ಬಾಯಿ ಊಟ ಬಿಟ್ಟರಂತೆ, ಎಂದು ಯಾರೋ ಕೇಳಿದರಂತೆ. ಅವನು ಸಿಟ್ಟು ಮಾಡುವವನಲ್ಲ. ಚಹಾ ಕುಡಿಯುತ್ತ ನಿಧಾನವಾಗಿ ಹೇಳಿದ.

"ಐತಿ ಅಂದ್ರ ಐತಿ ಅನ್ನು. ಇಲ್ಲಂದ್ರ ಇಲ್ಲ ಅನ್ನು. ನಡುವ ನಿಂತ್ರ ಮಂದಿ ಏನರ ತಿಳ್ಕೋತಾರ. ಅಕ್ಕ ಏನು ಹೊರಗಿನಾಕಿ ಏನ?"

ಆಕೆ ಲೋಟ ತೊಳೆಯುತ್ತ ಯೋಚಿಸಿದಳು. ನಿಜ ಹೇಳಿಬಿಟ್ಟರೆ? ನಿಜದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಜನ ಈಗ ಊಹಿಸುತ್ತಿರುವುದಕ್ಕಿಂತ ನಿಜವೇ ವಾಸಿ. ಆದರೆ ಅದು ವಿಜಯಲಕ್ಷ್ಮಿಯ ಬಾಯಿಂದ ಬಬಲೇಶ್ವರ ಮುಟ್ಟುವಷ್ಟರಲ್ಲಿ, ಗರ್ಭಚೀಲ ತೆಗೆದಾರಂತ, ಆಗಿರುತ್ತದೆ. ಸರಿ, ಒಂದಕ್ಷರವೂ ಕೆಡದೆ ಮುಟ್ಟಿತು ಅಂದುಕೊಳ್ಳೋಣ. ಆಗಲೂ ಅದನ್ನು ಕೊಡಲು ತಾನು ಯಾರು? ನರ್ಸಿಂಗ್ ತರಬೇತಿಯ ಮೊದಲ ವರ್ಷ ಕೈಯಲ್ಲಿ ಮೇಣದ ದೀಪ ಹಿಡಿದು ಎಲ್ಲರ ಜೊತೆ ಪ್ರತಿಜ್ಞೆ ಹೇಳಿದ್ದಳು. ರೋಗಿಯ ಮನೆಯ ವಿಷಯ, ದೇಹದ ವಿಷಯ ಹೊರಗೆ ಆಡುವುದಿಲ್ಲ ಎಂಬ ಸಾಲು ಅದರಲ್ಲಿತ್ತು. ಆ ವಯಸ್ಸಿನಲ್ಲಿ ಗಮನವೆಲ್ಲ ಬಿಳಿ ಬಟ್ಟೆಯ ಮೇಲೆ ಮೇಣ ಬೀಳದಿರಲಿ ಎಂಬುದರ ಮೇಲೆಯೇ ಇತ್ತು. ಹೋದ ವರ್ಷ ನರ್ಸುಗಳ ಮುಖ್ಯಸ್ಥೆ ಮೇಟ್ರನ್ ರಾಜೇಶ್ವರಿ ಅದನ್ನೇ ಮತ್ತೆ ಕ್ಲಾಸು ಮಾಡಿ ಹೇಳಿದ್ದರು. ನ್ಯಾಯಾಲಯ ಕೇಳಿದರೆ ಹೇಳಬೇಕು, ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದರೆ ಹೇಳಬೇಕಾಗಬಹುದು, ಅದು ಬಿಟ್ಟು ಹೇಳಿದರೆ ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿಯೇ ಹೋಗಬಹುದು. ಮನೆಯವರಿಗೂ ಹೇಳಬಾರದೇ ಎಂದು ಯಾರೋ ಕೇಳಿದ್ದಕ್ಕೆ ಮೇಟ್ರನ್ ನಕ್ಕು, ಮೊದಲು ಕೇಳೋರು ಮನಿಯವ್ರ ಅಲ್ಲೇನವಾ, ಅಂದಿದ್ದರು. ಅಂದು ವಿದ್ಯಾವತಿಯೂ ನಕ್ಕಿದ್ದಳು.

ಸಿದ್ದರಾಮನ ಮದುವೆಯಲ್ಲಿ ಯಾರ ಜೀವಕ್ಕೂ ಅಪಾಯವಿರಲಿಲ್ಲ. ಅಪಾಯವಿದ್ದದ್ದು ಆ ಹುಡುಗಿಯ ಹೆಸರಿಗೆ, ಅದೂ ತನ್ನಿಂದ.

ಸಂಬಂಧ ಅಲ್ಲಿಗೇ ಮುರಿಯುತ್ತದೆ ಅಂದುಕೊಂಡಿದ್ದಳು. ಆದರೆ ಶನಿವಾರ ವಿಜಯಲಕ್ಷ್ಮಿಯ ಫೋನು ಬಂತು. ನಾಳೆ ತಿಕೋಟಾಕ್ಕೆ ಹೆಣ್ಣು ನೋಡಲು ಹೋಗುವುದು, ನೀನೂ ಬರಬೇಕು. ಯಾಕೆಂದು ಕೇಳುವುದು ಬೇಕಿರಲಿಲ್ಲ. ತನ್ನ ಬಾಯಿಂದ ಹೊರಡದ್ದನ್ನು ವಿಜಯಲಕ್ಷ್ಮಿಗೆ ಆ ಮನೆಯಲ್ಲಿ ತನ್ನ ಮುಖದ ಮೇಲೆ ನೋಡಬೇಕಾಗಿತ್ತು. ಹೋಗದಿದ್ದರೆ ಅದೂ ಒಂದು ಉತ್ತರವೇ ಆಗುತ್ತಿತ್ತು. ಡ್ಯೂಟಿ ಬದಲಿಸಿಕೊಂಡು ಹೊರಟಳು.

ಸಿದ್ದರಾಮನೇ ಕಾರು ಓಡಿಸಿದ. ದಾರಿಯುದ್ದಕ್ಕೂ ದ್ರಾಕ್ಷಿ ಒಣಹಾಕಿದ ಶೆಡ್ಡುಗಳು, ಸುತ್ತ ಹಸಿರು ಪರದೆ, ಬಿಸಿಲಿಗೆ ಸಿಹಿ ಹುಳಿ ವಾಸನೆ. ಹುಡುಗಿಯ ಮನೆಯಲ್ಲಿ ಪಡಸಾಲೆಗೆ ಜಮಖಾನೆ ಹಾಸಿದ್ದರು. ತಾಯಿ ರುದ್ರವ್ವ ನಗುತ್ತ ಹೊರಗೆ ಬಂದವಳು ವಿದ್ಯಾವತಿಯನ್ನು ನೋಡಿ ನಗುವನ್ನು ಹಾಗೇ ಹಿಡಿದುಕೊಂಡಳು.

"ಇವ್ರ ಗುರ್ತ ಐತೇನ್ರಿ ನಿಮಗ?" ವಿಜಯಲಕ್ಷ್ಮೀ ಕೇಳಿದಳು.

"ಇಲ್ರಿ," ಎಂದಳು ರುದ್ರವ್ವ, ತುಸು ಬೇಗನೇ.

ಆಮೇಲೆ ಆಕೆ ವಿದ್ಯಾವತಿಯ ತಟ್ಟೆಗೇ ಮತ್ತೆ ಮತ್ತೆ ಅವಲಕ್ಕಿ ಹಾಕಿದಳು. ಬಾಯಿ ತುಂಬಿದ್ದರೆ ಮಾತು ಬರುವುದಿಲ್ಲ ಎಂಬಂತೆ ಉಂಡಿ ತಂದಿಟ್ಟಳು, ಒಣದ್ರಾಕ್ಷಿ ತಂದಿಟ್ಟಳು. ವಿಜಯಲಕ್ಷ್ಮಿಯ ಕಣ್ಣು ತಟ್ಟೆಯಿಂದ ರುದ್ರವ್ವನಿಗೆ, ರುದ್ರವ್ವನಿಂದ ವಿದ್ಯಾವತಿಗೆ ಹೋಗಿ ಬರುತ್ತಿತ್ತು. ಶಿವಲೀಲಾ ಚಹಾ ತಂದಳು. ಮಳೆಗಾಲದಲ್ಲಿ ನೋಡಿದ್ದಕ್ಕಿಂತ ಮೈತುಂಬಿಕೊಂಡಿದ್ದಳು. ಎಲ್ಲರಿಗೂ ಕೊಟ್ಟು ಕೊನೆಗೆ ವಿದ್ಯಾವತಿಯ ಮುಂದೆ ಬಾಗಿದಳು. ಕಣ್ಣಲ್ಲಿ ಹೆದರಿಕೆಗಿಂತ ಹೆಚ್ಚಾಗಿ ಲೆಕ್ಕಾಚಾರವಿತ್ತು. ಇವಳು ಹೇಳಿದ್ದಾಳೆಯೋ, ಹೇಳಲಿದ್ದಾಳೆಯೋ?

ಕೈ ತೊಳೆಯಲು ಹಿತ್ತಲಿಗೆ ಹೋದಾಗ ರುದ್ರವ್ವ ಹಿಂದೆಯೇ ಬಂದಳು.

"ಹೇಳೀರಿ?"

"ಇಲ್ರಿ."

"ಹಂಗಾರ ಅವ್ರ್ಯಾಕ ನಮ್ಮನ್ನ ಹಂಗ ನೋಡಾಕತ್ತಾರ?"

"ಹೇಳಿಲ್ಲ ಅಂತನ ನೋಡಾಕತ್ತಾರ."

ರುದ್ರವ್ವನಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ವಿದ್ಯಾವತಿಯ ಒದ್ದೆ ಕೈಗಳನ್ನೇ ಹಿಡಿದುಕೊಂಡಳು. ಇವಳು ನಮ್ಮ ದವಾಖಾನೆಗೆ ಬಂದೇ ಇಲ್ಲ ಅಂತ ಒಂದು ಮಾತು ಅಂದುಬಿಡಿ, ನೀವು ಹೇಳಿದರೆ ಅವರು ಮತ್ತೆ ಪ್ರಶ್ನೆ ಮಾಡುವುದಿಲ್ಲವಂತೆ, ನಿಮಗೂ ಹೆಣ್ಣುಮಕ್ಕಳಿದ್ದಾರು, ಎಂದು ತಗ್ಗಿದ ದನಿಯಲ್ಲಿ ಒಂದೇ ಸಮನೆ ಬೇಡಿದಳು. ಸುಳ್ಳು ಎಷ್ಟು ಸಣ್ಣದಾಗಿ ಕಾಣುತ್ತಿತ್ತು! ಒಂದು ಸಲ ತಲೆಯಾಡಿಸಿದರೆ ಮುಗಿಯಿತು. ಆದರೆ ಮುಂದೆಂದಾದರೂ ಗೊತ್ತಾದರೆ, ಮುಚ್ಚಿಟ್ಟು ಮದುವೆ ಮಾಡಿದರು ಎಂಬ ಮಾತು ಬೀಳುವುದು ಈ ಹುಡುಗಿಯ ಮೇಲೆಯೇ.

ಅಡುಗೆಮನೆಯ ಬಾಗಿಲಲ್ಲಿ ಶಿವಲೀಲಾ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಕೈ ಬಿಡವ್ವಾ ಅವ್ರ್ದು," ಎಂದಳು ತಾಯಿಗೆ. "ಅವ್ರು ಹಿಂಗೂ ಹೇಳೂದು ಬ್ಯಾಡ, ಹಂಗೂ ಹೇಳೂದು ಬ್ಯಾಡ. ಹೊಟ್ಟಿ ನಂದು. ಹೇಳೂದಿದ್ರ ನಾ ಹೇಳ್ತೀನಿ. ಹೇಳಾಕ ಮನಸ್ಸಿಲ್ಲಂದ್ರ ಅದೂ ನಂದ."

ಆಮೇಲೆ ವಿದ್ಯಾವತಿಯ ಕಡೆ ತಿರುಗಿದಳು. "ನೀವು ಅವರ ಕಡ್ಯಾಕಿ ಆಗಿ ಬಂದೀರಿ. ನಿಮ್ಮನ್ನ ಹೆಂಗ ನಂಬ್ಲಿರಿ ನಾನು?"

ವಿದ್ಯಾವತಿ ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು.

"ನಂಬಬ್ಯಾಡವಾ," ಎಂದಳು. "ನೋಡಕೋತ ಇರು."

ಪಡಸಾಲೆಗೆ ಮರಳಿದಾಗ, ಹುಡುಗ ಹುಡುಗಿ ಒಂದಿಷ್ಟು ಮಾತಾಡಿಕೊಳ್ಳಲಿ ಎಂದು ಹಿರಿಯರು ಇಬ್ಬರನ್ನೂ ಮಾಳಿಗೆಗೆ ಕಳಿಸುತ್ತಿದ್ದರು. ಈಗ ಎಲ್ಲ ಮನೆಗಳಲ್ಲಿಯೂ ಹಾಗೇ. ಅವರು ಮೇಲಿದ್ದಷ್ಟು ಹೊತ್ತೂ ರುದ್ರವ್ವ ಮೆಟ್ಟಿಲಿನ ಕಡೆ ನೋಡಿದಳು, ವಿಜಯಲಕ್ಷ್ಮೀ ರುದ್ರವ್ವನನ್ನು ನೋಡಿದಳು. ಇಳಿದು ಬಂದಾಗ ಶಿವಲೀಲಾಳ ಮುಖ ಹೋದಾಗ ಹೇಗಿತ್ತೋ ಹಾಗೇ ಇತ್ತು. ಸಿದ್ದರಾಮ ನೀರು ಕೇಳಿ ಕುಡಿದ.

ಕಾರು ಊರು ದಾಟಿದ ಮೇಲೆ ವಿಜಯಲಕ್ಷ್ಮೀ ಮಗನನ್ನು ಕೇಳಿದಳು, ಹೇಗನ್ನಿಸಿತು ಎಂದು. ವಿಚಾರ ಮಾಡ್ತೀನವ್ವ, ಎಂದಷ್ಟೇ ಹೇಳಿ ಅವನು ಗೇರು ಬದಲಿಸಿದ. ಹಿಂದಿನ ಸೀಟಿನಲ್ಲಿದ್ದ ವಿದ್ಯಾವತಿಗೆ ಕನ್ನಡಿಯಲ್ಲಿ ಅವನ ಹುಬ್ಬು, ಕಣ್ಣು ಕಾಣುತ್ತಿದ್ದವು. ಹುಡುಗಿ ಹೇಳಿದ್ದಾಳೆಯೇ? ಕೇಳಿ ಇವನು ಸುಮ್ಮನಿದ್ದಾನೆಯೇ, ಅಥವಾ ಏನೂ ತಿಳಿಯದೆಯೇ? ರೆಪ್ಪೆ ಹೊಡೆದದ್ದು ಹೆಚ್ಚಾಯಿತೇ? ನೋಡುತ್ತ ನೋಡುತ್ತ ತನ್ನ ತಲೆ ಒಂದು ಮಗ್ಗುಲಿಗೆ ವಾಲಿರುವುದು ಅರಿವಿಗೆ ಬಂತು. ಸಿಸ್ಟರುಗಳ ಕೋಣೆಯಲ್ಲಿ ವಿಜಯಲಕ್ಷ್ಮೀ ತನ್ನನ್ನು ನೋಡಿದ್ದೂ ಹೀಗೆಯೇ. ನಾಚಿಕೆಯಾಗಿ ಕಿಟಕಿಯ ಕಡೆ ಸರಿದು ಕೂತಳು.

"ಗೋಳಗುಮ್ಮಟದ ಹತ್ರ ಒಬ್ಬ ಹೆಡ್‌ಮಾಸ್ತರ ಮಗಳು ಅದಾಳ," ಎಂದಳು ವಿಜಯಲಕ್ಷ್ಮೀ ಮುಂದಿನ ಸೀಟಿನಿಂದ, ತಿರುಗಿ ನೋಡದೆ. "ಆಕಿ ಏನರ ನಿಮ್ಮ ಕಡೆ ಬಂದಿದ್ಲೇನು?"

ಆ ಹುಡುಗಿಯ ಹೆಸರನ್ನೂ ವಿದ್ಯಾವತಿ ಕೇಳಿರಲಿಲ್ಲ. ಇಲ್ಲ ಎಂಬ ಮಾತು, ನಿಜವಾದ ಮಾತು, ನಾಲಿಗೆಯ ತುದಿಯಲ್ಲಿತ್ತು. ಈಕೆಗೆ ಇಲ್ಲ ಅಂದರೆ ತಿಕೋಟಾದ ಹುಡುಗಿ ಬಂದಿದ್ದಳೆಂದು ಒಪ್ಪಿಕೊಂಡಂತಾಗಿ ಅವಳ ಕತೆ ಇಲ್ಲಿಗೇ ಮುಗಿಯುತ್ತದೆ.

"ನಾ ಇನ್ನ ಯಾರ ಬಗ್ಗೇನೂ ಹೇಳಂಗಿಲ್ಲ ಅಕ್ಕಾರ. ಬಂದಾರ ಅಂತನೂ ಇಲ್ಲ, ಬಂದಿಲ್ಲ ಅಂತನೂ ಇಲ್ಲ. ಮೊದಲು ಹೇಳಿದ್ದೂ ತಪ್ಪಾಗೇತಿ."

"ಸೊಕ್ಕು ಬಂದೈತಿ ಬೇ ನಿನಗ," ಎಂದಳು ವಿಜಯಲಕ್ಷ್ಮೀ. ತಮ್ಮನಿಗೆ ಹೇಳುವುದಾಗಿಯೂ, ಈ ಮಾತು ಎಲ್ಲ ಬೀಗರಿಗೂ ಗೊತ್ತಾಗಲಿ ಎಂದೂ ಸ್ವಲ್ಪ ಹೊತ್ತು ಅಂದಳು. ಇನ್ನು ಮುಂದೆ ಗಂಡನ ಮನೆಯಲ್ಲಿ ಯಾರೂ ತನ್ನ ಮಾತಿಗೆ ಕಾಯುವುದಿಲ್ಲ ಎಂಬುದು ವಿದ್ಯಾವತಿಗೆ ತಿಳಿಯಿತು. ಕನ್ನಡಿಯ ಕಡೆ ಆಕೆ ನೋಡಲಿಲ್ಲ.

ವಿಜಯಪುರದ ಮನೆಗಳು ಶುರುವಾಗುವ ಹೊತ್ತಿಗೆ ವಿದ್ಯಾವತಿ ಮನಸ್ಸಿನಲ್ಲೇ ಒಂದು ನಿರ್ಧಾರಕ್ಕೆ ಬಂದಿದ್ದಳು. ಇನ್ನು ಮುಂದೆ ತನ್ನ ಲೆಕ್ಕಕ್ಕೆ ಶಿವಲೀಲಾಳನ್ನು ತಾನು ನೋಡಿದ್ದು ಇವತ್ತೇ ಮೊದಲು. ಆಕೆ ಈ ಮನೆತನದ ಸೊಸೆಯಾಗಿ ಬರಲಿ, ಬಾರದಿರಲಿ, ಸಿದ್ದರಾಮನಿಗೆ ಏನು ಗೊತ್ತು ಏನು ಗೊತ್ತಿಲ್ಲ ಎಂದು ತಾನು ಎಂದೂ ಕೆದಕುವುದಿಲ್ಲ. ಎಂದಾದರೊಂದು ದಿನ ಹುಡುಗಿಯೇ ಕೂತು ಹೇಳಿದರೆ, ಮೊದಲ ಸಲ ಕೇಳುವವಳ ಹಾಗೆ ಕೇಳಬೇಕು.

ಮುಂದಿನ ಸೀಟಿನಿಂದ ವಿಜಯಲಕ್ಷ್ಮೀ ನೀರಿನ ಬಾಟಲಿ ಕೇಳಿದಳು. ವಿದ್ಯಾವತಿ ಮುಚ್ಚಳ ಸಡಿಲಿಸಿ ಕೊಟ್ಟಳು.