ಲಿಫ್ಟಿನ ಪಕ್ಕದ ಗೋಡೆ

ನಾನು ಬಾಯಿಬಡುಕಿ, ಒಪ್ಪಿಕೊಳ್ಳುತ್ತೇನೆ. ಆದರೆ ಆ ದಿನದ ಒಂದು ಮಾತನ್ನಾದರೂ ನುಂಗಿಕೊಂಡಿದ್ದರೆ ಸಾಕಿತ್ತು.

ನಮ್ಮ ಪ್ರಯೋಗಾಲಯ ಮೂರನೇ ಮಹಡಿಯಲ್ಲಿದೆ; ಕೆಳಗಿನವು ಬರೀ ಗೋದಾಮು. ಗಾಳಿ ತೆಗೆದ ಗಾಜಿನ ಪೆಟ್ಟಿಗೆಯೊಳಗೆ, ಲೇಸರ್ ಬೆಳಕಿನ ಚಿಮಟದಲ್ಲಿ ಒಂದೊಂದೇ ಪರಮಾಣುವನ್ನು ಹಿಡಿದು ಸಾಲಾಗಿ ನಿಲ್ಲಿಸಿ, ಅವುಗಳಿಂದ ಲೆಕ್ಕ ಮಾಡಿಸುವುದು ನಮ್ಮ ಕೆಲಸ. ಕ್ವಾಂಟಂ ಕಂಪ್ಯೂಟರ್ ಎನ್ನುತ್ತಾರಲ್ಲ, ಅದೇ. ಆ ಬೆಳಕಿಗೆ ದಾರಿ ತೋರಿಸುವ ಇನ್ನೂರು ಕನ್ನಡಿಗಳನ್ನು ಕೂದಲೆಳೆಯಷ್ಟೂ ತಪ್ಪದಂತೆ ಕೂರಿಸುತ್ತಿದ್ದವನು ನಮ್ಮ ತಂತ್ರಜ್ಞ. ಎಲ್ಲರ ಬಾಯಲ್ಲೂ ಅವನು ಕನ್ನಡಿ. ನನ್ನನ್ನು ಅಕ್ಕ ಎನ್ನುತ್ತಿದ್ದ. ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದ.

ಅವನು ಬಂದ ದಿನವೆಲ್ಲ ಲೆಕ್ಕ ತಪ್ಪುತ್ತಿತ್ತು; ರಜೆ ಹಾಕಿದರೆ ಎಲ್ಲ ಸರಿ. ಅವನು ಸೇರಿದಾಗಿನಿಂದ ಆರು ತಿಂಗಳು ಇದೇ ಹಾಡು. ಪಾಪ, ಕನ್ನಡಿಗಳನ್ನೆಲ್ಲ ಬಿಚ್ಚಿ ಮತ್ತೆ ಕೂರಿಸಿದ. ಒಂದು ಮಧ್ಯಾಹ್ನ ತಲೆಕೆಟ್ಟು ಎಲ್ಲರೆದುರೇ ಅಂದುಬಿಟ್ಟೆ:

"ನಿನ್ನ ಕೈಗುಣಾನೇ ಸರಿ ಇಲ್ಲ ಕಣೋ."

ಅವನು ಸ್ಕ್ರೂಡ್ರೈವರುಗಳನ್ನು ಅಳತೆ ಪ್ರಕಾರ ಜೋಡಿಸಿಟ್ಟು ಹೋದ. ಮಾರನೆಯ ದಿನ ರಾಜೀನಾಮೆ ಬಂತು, ಲೆಕ್ಕವೂ ಸರಿಹೋಯಿತು. ಸದ್ಯ, ಪೀಡೆ ತೊಲಗಿತು ಎಂದುಕೊಂಡೆ. ಅದನ್ನೂ ಮುಚ್ಚಿಡುವುದಿಲ್ಲ.

ಎರಡು ವರ್ಷದ ಮೇಲೆ ನನ್ನ ಮಂಡಿ ಕೈಕೊಟ್ಟಿತು. ಮೆಟ್ಟಿಲು ಬಿಟ್ಟು ಲಿಫ್ಟ್ ಹತ್ತಿದೆ. ಅವತ್ತೇ ಲೆಕ್ಕ ತಪ್ಪಿತು. ಮಾರನೆಯ ದಿನವೂ ತಪ್ಪಿತು. ಆಗ ಹೊಳೆಯಿತು. ನಮ್ಮ ಲಿಫ್ಟ್, ಕೊನೆಗೆ ಇಳಿದವರ ಮಹಡಿಯಲ್ಲೇ ನಿಂತಿರುತ್ತದೆ. ತಂಡದವರು ಬೆಳಿಗ್ಗೆ ಬೇಗ ಬಂದು ಪರಮಾಣುಗಳ ಸುತ್ತಲಿನ ಕಾಂತಕ್ಷೇತ್ರವನ್ನು ಹದಕ್ಕೆ ತಂದಿಟ್ಟ ಮೇಲೆ, ಆ ಕಬ್ಬಿಣದ ಗೂಡು ಗೋಡೆಯಾಚೆ ಬಂದು ನಿಂತರೆ ಕ್ಷೇತ್ರ ಒಂದಿಷ್ಟು ಅಲುಗುತ್ತದೆ. ಪರಮಾಣುಗಳಿಗೆ ಅಷ್ಟು ಸಾಕು. ನಾವೆಲ್ಲ ಮೆಟ್ಟಿಲು ಹತ್ತುವ ಗಟ್ಟಿಗರು. ಆಮೇಲೆ ಲಿಫ್ಟಿನಲ್ಲಿ ಬರುತ್ತಿದ್ದವನು ಅವನೊಬ್ಬನೇ.

ಹುಡುಕಿಕೊಂಡು ಹೋದೆ. ಕನ್ನಡಕದ ಅಂಗಡಿ ಇಟ್ಟಿದ್ದ. ಎಲ್ಲ ಬಿಡಿಸಿ ಹೇಳಿ, ತಪ್ಪು ನನ್ನದು, ನಿನ್ನ ಜಾಗಕ್ಕೆ ವಾಪಸ್ ಬಾ ಎಂದೆ. ಅವನು ನಕ್ಕ, ಕುರ್ಚಿ ಒರೆಸಿ ಕೂರಿಸಿದ. ಅಷ್ಟರಲ್ಲಿ ಗಿರಾಕಿ ಬಂದರು. ಅವನು ಗಾಜುಗಳಿದ್ದ ತಟ್ಟೆಯನ್ನು ಪಕ್ಕದಲ್ಲಿದ್ದ ತಂಗಿಯ ಕಡೆ ಸರಿಸಿದ. ಚೌಕಟ್ಟಿಗೆ ಕೂರಿಸಿದವಳು ಅವಳು. ನೀನೇ ಯಾಕೆ ಕೂರಿಸಲಿಲ್ಲ ಎಂದು ಕೇಳಿದೆ.

"ಗಾಜು ಮುಟ್ಟಿದ್ರೆ ಕೈ ನಡುಗುತ್ತೆ ಅಕ್ಕ," ಎಂದ. "ಲಿಫ್ಟಿಂದ ಆಗಿದ್ದು ಅಂತ ನಂಗೇನೋ ಈಗ ತಿಳೀತು. ಕೈಗೆ ತಿಳೀಬೇಕಲ್ಲ."